ರಾಯಲ್ ಬೆಂಗಾಲ್ ಹುಳಿ

ಯಾವ ಕಾಗದವನ್ನು ಜೀಪಿನಿಂದ ಹಿಡಿ ಹಿಡಿಯಾಗಿ ಬೀದಿಗೆ ಎಸೆದಿದ್ದೆನೋ ಅದೇ ಕಾಗದವನ್ನು ಈಗ ಒಂದೊಂದಕ್ಕೆ ಇನ್ನೂರು, ಮುನ್ನೂರು ಕೊಟ್ಟು ಕೊಳ್ಳುತ್ತಿದ್ದೇನೆ. ಮನೆಗೆ ಬಂದವರಿಗೆಲ್ಲ ನನ್ನ ಹೆಂಡತಿ ಇದನ್ನು ಹೇಳುತ್ತಾಳೆ. ಹೇಳುವಾಗ ನಗುವುದಿಲ್ಲ, ಅದೇ ಕಷ್ಟ.

1983ರಲ್ಲಿ ಹಾಸನಕ್ಕೆ ಸರ್ಕಸ್ ಬಂದಾಗ ನಾನು ಬಿ.ಕಾಂನಲ್ಲಿ ಒಂದು ಸಬ್ಜೆಕ್ಟ್ ಉಳಿಸಿಕೊಂಡು ಮನೆಯಲ್ಲಿ ಬೈಸಿಕೊಳ್ಳುತ್ತಾ ಕೂತಿದ್ದೆ. ಕನ್ನಡ ಓದಲು ಬರೆಯಲು ಬರುವ, ಮೈಕಿನಲ್ಲಿ ಕೂಗಲು ನಾಚಿಕೆಪಡದ ಒಬ್ಬ ಹುಡುಗ ಬೇಕಾಗಿದ್ದಾನೆ ಎಂದು ಗೊತ್ತಾಯಿತು. ಹೋದೆ. ತಿಂಗಳಿಗೆ 250 ರೂಪಾಯಿ, ಜೊತೆಗೆ ಊಟ. ಜೋಕಾಲಿಯಿಂದ ಜೋಕಾಲಿಗೆ ಹಾರಿದೆ, ಹುಲಿಯ ಬಾಯಲ್ಲಿ ತಲೆ ಇಟ್ಟೆ ಅಂತೆಲ್ಲ ಮೊಮ್ಮಕ್ಕಳಿಗೆ ಹೇಳಿದ್ದೇನೆ, ಅದು ಬೇರೆ ಮಾತು. ನಿಜವಾಗಿ ನಾನು ಮಾಡಿದ್ದು ಪೋಸ್ಟರ್ ಅಂಟಿಸುವುದು, ಜೀಪಿನಲ್ಲಿ ಹ್ಯಾಂಡ್‌ಬಿಲ್ ಎಸೆಯುವುದು, ಸರ್ಕಾರಿ ಆಫೀಸುಗಳಿಗೆ ಫ್ರೀ ಪಾಸ್ ಹಂಚುವುದು. ಒಬ್ಬ ಗುಮಾಸ್ತರು ಹದಿನಾಲ್ಕು ಪಾಸ್ ಕೇಳಿದ್ದರು. ಮನೆಯಲ್ಲಿ ಅಷ್ಟು ಜನ ಇದ್ದೀರಾ ಸಾರ್ ಅಂದರೆ, "ಸರ್ಕಸ್ ಬಂದಾಗ ಇರ್ತೀವಿ" ಅಂದರು.

ಮ್ಯಾನೇಜರು ಕೇರಳದ ತಲಶ್ಶೇರಿಯವರು. ಸರ್ಕಸ್ಸಿನಲ್ಲಿ ಅರ್ಧ ಜನ ಆ ಕಡೆಯವರೇ. ಅಲ್ಲಿ ಕೀಲೇರಿ ಕುಂಞಿಕಣ್ಣನ್ ಅಂತ ಒಬ್ಬ ಮೇಷ್ಟ್ರು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಹುಡುಗರಿಗೆ ಸರ್ಕಸ್ ಕಲಿಸುವ ಶಾಲೆ ನಡೆಸಿದ್ದರು. ನಮ್ಮ ಮ್ಯಾನೇಜರು ದಿನಕ್ಕೊಮ್ಮೆಯಾದರೂ ಅವರ ಹೆಸರು ಹೇಳಿ ಎರಡು ಕೈ ಕಿವಿಗೆ ಮುಟ್ಟಿಸಿಕೊಳ್ಳುತ್ತಿದ್ದರು. ಭಾರತದವರದೇ ಮೊದಲ ಸರ್ಕಸ್ ಕಟ್ಟಿ 1880ರಲ್ಲಿ ಮುಂಬೈಯಲ್ಲಿ ಅದರ ಮೊದಲ ಆಟ ಆಡಿದ ವಿಷ್ಣುಪಂತ ಛತ್ರೆಯವರನ್ನು ಮಾತ್ರ ಅಷ್ಟಾಗಿ ನೆನೆಯುತ್ತಿರಲಿಲ್ಲ. ಛತ್ರೆಯವರು ಕುರುಂದವಾಡದ ಸಂಸ್ಥಾನದವರು, ತಲಶ್ಶೇರಿಯವರಲ್ಲ ನೋಡಿ!

ಪೋಸ್ಟರ್ ಅಂಟಿಸುವುದಕ್ಕೆ ಮೈದಾ ಹಿಟ್ಟಿನ ಅಂಟು. ದೊಡ್ಡ ತಪ್ಪಲೆಯಲ್ಲಿ ಕುದಿಸಿ, ಮೈಲುತುತ್ತ ಹಾಕಿ ಕಲಕಬೇಕು. ತುತ್ತ ಹಾಕದಿದ್ದರೆ ಗೋಡೆಯ ಮೇಲಿನ ಕಾಗದವನ್ನು ದನ ತಿನ್ನುತ್ತದೆ. ಮೊದಲ ದಿನ ನನಗೆ ಇದನ್ನು ಯಾರೂ ಹೇಳಲಿಲ್ಲ. ರಾತ್ರಿಯೆಲ್ಲ ಬಸ್‌ಸ್ಟ್ಯಾಂಡಿನ ಸುತ್ತ ಅರವತ್ತು ಪೋಸ್ಟರ್ ಅಂಟಿಸಿ ಮಲಗಿದೆ. ಬೆಳಿಗ್ಗೆ ಮ್ಯಾನೇಜರು ಜೀಪಿನಲ್ಲಿ ಒಂದು ಸುತ್ತು ಹೊಡೆದು ಬಂದು, "ಎಡೋ, ಪೋಸ್ಟರ್ ಎವಿಡೆ?" ಅಂದರು. ಹೋಗಿ ನೋಡಿದರೆ ಒಂದು ಹಸು ಆನೆಯ ಸೊಂಡಿಲಿನವರೆಗೆ ಮುಗಿಸಿ ಜೋಕರಿನ ಟೋಪಿಗೆ ಬಾಯಿ ಹಾಕಿತ್ತು. ಸಮಾಧಾನವಾಗಿ ತಿನ್ನುತ್ತಿತ್ತು, ಸುಳ್ಳು ಹೇಳಬಾರದು.

ಇದು ಚಿಕ್ಕದು. ದೊಡ್ಡದು ಹ್ಯಾಂಡ್‌ಬಿಲ್ಲಿನ ಕಥೆ.

ಆಗ ಅಚ್ಚುಮೊಳೆ ಜೋಡಿಸಿಯೇ ಮುದ್ರಣ. ಹತ್ತು ಸಾವಿರ ಹ್ಯಾಂಡ್‌ಬಿಲ್ಲಿನ ಪ್ರೂಫ್ ಓದಲು ನನ್ನನ್ನು ಪ್ರೆಸ್ಸಿಗೆ ಕಳಿಸಿದರು. ಮಧ್ಯಾಹ್ನದ ಹೊತ್ತು, ಹಸಿದಿದ್ದೆ, ಪ್ರೂಫ್ ಹಿಡಿದುಕೊಂಡೇ ಎದುರಿನ ಹೋಟೆಲಿಗೆ ಹೋದೆ. ಎಲೆಯ ಮೇಲೆ ಬಿಸಿ ಅನ್ನ, ಮೇಲೆ ನುಗ್ಗೆಕಾಯಿ ಹುಳಿ. ಒಂದು ಕೈಯಲ್ಲಿ ಕಲೆಸುತ್ತಾ ಇನ್ನೊಂದು ಕೈಯಲ್ಲಿ ಓದುತ್ತಾ ಹೋದೆ, ಎಲ್ಲ ಸರಿಯಾಗಿ ಕಂಡಿತು, ಸಹಿ ಹಾಕಿದೆ. ಸಂಜೆ ಕಟ್ಟುಗಳು ಬಂದವು. ಜೀಪಿನಲ್ಲಿ ಅರ್ಧ ಊರು ಸುತ್ತಿ ಮೂರು ಸಾವಿರ ಎಸೆದಾಗಿತ್ತು. ಆಗ ಒಬ್ಬ ಹುಡುಗ ಜೀಪಿನ ಪಕ್ಕ ಸೈಕಲ್ ತುಳಿಯುತ್ತಾ ಕೂಗಿದ: "ಸಾರ್, ಹುಳಿ ಜೊತೆ ಅನ್ನಾನೂ ಕೊಡ್ತೀರಾ?"

ದಪ್ಪ ಅಕ್ಷರದಲ್ಲಿ ಹೀಗಿತ್ತು: "ಮೈ ನವಿರೇಳಿಸುವ 8 ರಾಯಲ್ ಬೆಂಗಾಲ್ ಹುಳಿಗಳು!"

ಮ್ಯಾನೇಜರಿಗೆ ಕನ್ನಡ ಓದಲು ಬರುವುದಿಲ್ಲ, ಬಚಾವ್ ಆಗಬಹುದು ಅಂದುಕೊಂಡೆ. ಆದರೆ ಬಾಯಲ್ಲಿ ಹೇಳಿದ ತಕ್ಷಣ ಅವರಿಗೆ ತಿಳಿದುಹೋಯಿತು, ಏಕೆಂದರೆ ಮಲಯಾಳದಲ್ಲೂ ಇದೇ ಗತಿ. ಅಲ್ಲಿ ಪುಲಿ ಅಂದರೆ ಪ್ರಾಣಿ, ಪುಳಿ ಅಂದರೆ ಹುಣಸೆಹಣ್ಣು. ಎರಡು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ, ಉಳಿದ ಏಳು ಸಾವಿರವನ್ನೂ ಬೆಳಗಾಗುವುದರೊಳಗೆ ಪೆನ್ನಿನಲ್ಲಿ ತಿದ್ದಬೇಕು ಅಂದರು.

ರಾತ್ರಿಯ ಆಟ ಮುಗಿದ ಮೇಲೆ ಇಬ್ಬರು ಜೋಕರುಗಳು, ಬ್ಯಾಂಡಿನ ಒಬ್ಬರು, ನಾನು ಕೂತೆವು. ಕನ್ನಡ ಬರುತ್ತಿದ್ದದ್ದು ನನಗೊಬ್ಬನಿಗೆ. "ಈ ಅಕ್ಷರ ಹೊಡೆದು ಮೇಲೆ ಈ ಅಕ್ಷರ ಬರೆಯಿರಿ" ಎಂದು ಒಂದು ಮಾದರಿ ಬರೆದುಕೊಟ್ಟೆ. ಕೆಲಸ ಬೇಗ ಸಾಗುತ್ತಿರಲಿಲ್ಲ, ಏಕೆಂದರೆ ಅವರಿಗೆ ಹತ್ತು ನಿಮಿಷಕ್ಕೊಂದು ಬೀಡಿ ಬೇಕು, ತಂಬುವಿನೊಳಗೆ ಕಡ್ಡಿ ಗೀರುವಂತಿಲ್ಲ. ಎರಡು ವರ್ಷದ ಹಿಂದೆ, 1981ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲಿ ಒಂದು ಸರ್ಕಸ್ ತಂಬು ಹತ್ತಿ ಉರಿದು ತೊಂಬತ್ತಕ್ಕೂ ಹೆಚ್ಚು ಜನ ಸತ್ತಿದ್ದರು, ಹೆಚ್ಚಿನವರು ಮಕ್ಕಳು. ಆ ವಿಷಯದಲ್ಲಿ ಮಾತ್ರ ಯಾರೂ ತಮಾಷೆ ಮಾಡುತ್ತಿರಲಿಲ್ಲ, ಬೇಲಿಯ ಆಚೆ ಹೋಗಿಯೇ ಸೇದುತ್ತಿದ್ದರು. ಹಾಗೆ ಹೋಗಿ ಬಂದು, ಹೋಗಿ ಬಂದು, ಬೆಳಗಿನ ಜಾವಕ್ಕೆ ಸಾವಿರದಷ್ಟು ತಿದ್ದಿದ್ದೆವು. ಹಿರಿಯ ಜೋಕರು ತಿದ್ದಿದ ಕಟ್ಟನ್ನು ತೆಗೆದು ನೋಡುತ್ತೇನೆ, ಪಾಪ, ಎಲ್ಲದರಲ್ಲೂ ಹಿಂದಿನ ಅಕ್ಷರವನ್ನು ಹೊಡೆದಿದ್ದಾರೆ. ಮುತ್ತಿನಂಥ ಕೈಬರಹದಲ್ಲಿ "ರಾಯಲ್ ಬೆಂಗಾಲ್ ಲಿಳಿಗಳು".

ಲಿಳಿಗಳನ್ನೂ ಎಸೆದೆವು. ಅವತ್ತು ಮೂರೂ ಆಟ ಹೌಸ್‌ಫುಲ್. ಲಿಳಿ ಎಂಥ ಪ್ರಾಣಿ ಅಂತ ನೋಡಲು ಬಂದರೋ ಏನೋ.

ಎರಡು ವರ್ಷ ಆದ ಮೇಲೆ ಬಿಟ್ಟೆ, ಬ್ಯಾಂಕು ಸೇರಿದೆ, ರಿಟೈರ್ ಆದೆ. ಸಂಗ್ರಹದ ಹುಚ್ಚು ಹತ್ತಿದ್ದು ಆಮೇಲೆ. ಈಗ ನನಗೂ ಸ್ವಲ್ಪ ಕಣ್ಣು ಪಳಗಿದೆ. ಟಿಕೆಟ್ ದರ ಆಣೆಯಲ್ಲಿದ್ದರೆ ಅದು ಸಾಮಾನ್ಯವಾಗಿ 1957ಕ್ಕಿಂತ ಹಿಂದಿನದು. ಹುಲಿ, ಸಿಂಹ, ಕರಡಿ ಇದ್ದರೆ ಹಳೆಯದು, ಏಕೆಂದರೆ 1998ರ ಸರ್ಕಾರಿ ಆದೇಶದಲ್ಲಿ ಅವುಗಳ ಆಟ ನಿಷೇಧವಾಯಿತು, 2001ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಈ ಜ್ಞಾನ ಸುಮ್ನೆ ಬಂದಿಲ್ಲ. ಒಬ್ಬ ವ್ಯಾಪಾರಿ "ಬ್ರಿಟಿಷರ ಕಾಲದ್ದು ಸಾರ್" ಎಂದು ಒಂದು ಪೋಸ್ಟರನ್ನು 1500ಕ್ಕೆ ಕೊಟ್ಟಿದ್ದ. ಮನೆಗೆ ತಂದು ಗಾಜು ಹಾಕಿಸಿ ಗೋಡೆಗೆ ನೇತುಹಾಕಿದೆ. ಮೊಮ್ಮಗಳು ಕೆಳಗಿನ ವಿಳಾಸ ಓದಿ, "ತಾತ, ಆವಾಗಲೇ ಪಿನ್‌ಕೋಡ್ ಇತ್ತಾ?" ಅಂದಳು. ಪಿನ್‌ಕೋಡ್ ಬಂದದ್ದು 1972ರಲ್ಲಿ.

ಜೋಕರಿನ ಬೂಟಿನದು ಇನ್ನೊಂದು ಗೋಳು. ಮೊಳಕ್ಕಿಂತ ಉದ್ದ, ಕೆಂಪು ಬಣ್ಣ. ಬಿಸಿಲಿಗೆ ಒಣಗಲಿ ಎಂದು ಬಾಗಿಲ ಹೊರಗೆ ಇಟ್ಟಿದ್ದ ದಿನವೇ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರು. ಒಳಗೆ ಬಂದು ಕೂತವರು ಉಪ್ಪಿಟ್ಟು ಮುಟ್ಟದೆ ರೂಮಿನ ಬಾಗಿಲನ್ನೇ ನೋಡುತ್ತಿದ್ದರು. ಕೊನೆಗೆ ಹುಡುಗನ ಅಮ್ಮ ಮೆಲ್ಲಗೆ ಕೇಳಿದರು: "ಹುಡುಗಿಗೆ ಅಣ್ಣ ಇದಾರಾ?"

ಇಷ್ಟೆಲ್ಲ ಸೇರಿಸಿದರೂ ಹುಳಿ ಮಾತ್ರ ಸಿಕ್ಕಿರಲಿಲ್ಲ. ಹತ್ತು ಸಾವಿರ ಅಚ್ಚಾಗಿತ್ತು, ಒಂದೂ ಇಲ್ಲ. ಹೋದ ತಿಂಗಳು ಬೆಂಗಳೂರಿನಲ್ಲಿ, ಚಿಕ್ಕಪೇಟೆ ಕಡೆಯ ಭಾನುವಾರದ ಸಂತೆಯಲ್ಲಿ, ಹಳೇ ಲೆಕ್ಕದ ಪುಸ್ತಕವೊಂದರ ನಡುವೆ ಗುಲಾಬಿ ಬಣ್ಣದ ತುದಿ ಕಂಡಿತು. ಎಳೆದೆ. ಲಿಳಿ! ಕೈ ನಡುಗಿತು. ಮುಖದಲ್ಲಿ ಏನೂ ತೋರಿಸದೆ ಎಷ್ಟು ಎಂದೆ.

"ಐನೂರು."

"ಹ್ಯಾಂಡ್‌ಬಿಲ್ಲಿಗೆ ಐನೂರಾ? ಪೆನ್ನಲ್ಲಿ ಬೇರೆ ಗೀಚಿದೆ ನೋಡಪ್ಪ."

ಅವನು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಆ "ಲಿ"ಯ ಮೇಲೆ ಬೆರಳಿಟ್ಟು ತೋರಿಸಿದ. "ಗೀಚಿದ್ದಲ್ಲ ಸಾರ್. ಆ ಕಾಲದ ದೊಡ್ಡ ಕಲಾವಿದರ ಸೈನು. ಅದಕ್ಕೇ ರೇಟು ಜಾಸ್ತಿ."

ಚೌಕಾಸಿ ಮಾಡದೆ ಕೊಟ್ಟು ಬಂದೆ.