ಹಿಟ್ಟಿನ ಬೆರಳಚ್ಚು

ನಮ್ಮ ಮನೆಯಲ್ಲಿ ಪುಸ್ತಕ ಜಾಸ್ತಿಯಾದದ್ದು ನಾನು ಕೊಂಡು ತಂದು ಅಲ್ಲ. ಅವು ತಾವಾಗೇ ಬಂದವು. ಭಾನುವಾರ ಬೆಳಿಗ್ಗೆ ಹತ್ತೂವರೆಗೆ ತುಮಕೂರಿನ ಯಾವುದಾದರೂ ಸಭಾಂಗಣಕ್ಕೆ ಸುಮ್ನೆ ಹೋಗಿ ಕೂತರೆ ಸಾಕು, ಅಲ್ಲೊಂದು ಪುಸ್ತಕ ಬಿಡುಗಡೆ ನಡೆಯುತ್ತಿರುತ್ತದೆ. ಹಿಂದೆ ಕೂತವರಿಗೆ ಉಪ್ಪಿಟ್ಟು, ಮುಂದೆ ಕೂತವರಿಗೆ ಉಪ್ಪಿಟ್ಟಿನ ಜೊತೆ ಪುಸ್ತಕ. ನನಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ಮುಂದೆ ಕೂರುತ್ತೇನೆ.

ಇದು ಸಾಲದು ಅಂತ, 2023ರಲ್ಲಿ ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾದ ಹೊಸತರಲ್ಲಿ ನನಗೆ ಹಾರ, ಶಾಲು ಬೇಡ, ಕೊಡಲೇಬೇಕು ಅನಿಸಿದರೆ ಪುಸ್ತಕ ಕೊಡಿ ಅಂದರು. ಆ ಮಾತು ಬೆಂಗಳೂರಿನಿಂದ ಎಪ್ಪತ್ತು ಕಿಲೋಮೀಟರು ದಾಟಿ ನಮ್ಮೂರಿಗೆ ಬರುವಷ್ಟರಲ್ಲಿ ಮದುವೆ, ಗೃಹಪ್ರವೇಶ, ಬೀಳ್ಕೊಡುಗೆ ಎಲ್ಲಕ್ಕೂ ಅಂಟಿಕೊಂಡಿತ್ತು. ನಾನು ನಿವೃತ್ತನಾದ ದಿನ ಹದಿನಾಲ್ಕು ಪುಸ್ತಕ ಹೊತ್ತುಕೊಂಡು ಮನೆಗೆ ಬಂದೆ. ನನ್ನಾಕೆ ಚೀಲದೊಳಗೆ ಇಣುಕಿ, "ಶಾಲಾದ್ರೆ ಚಳಿಗಾದ್ರೂ ಆಗೋದು" ಅಂದಳು.

ಇವು ಯಾವ ಪುಸ್ತಕಗಳು ಅಂತೀರಿ? ನೀವು ಹೆಸರು ಕೇಳಿರುವುದಿಲ್ಲ. ಬರೆದವರ ಪಕ್ಕದ ಬೀದಿಯವರೂ ಕೇಳಿರುವುದಿಲ್ಲ. ತಮ್ಮ ಪಿಂಚಣಿ ದುಡ್ಡಲ್ಲಿ ಅಚ್ಚು ಹಾಕಿಸಿದ ಕವನ ಸಂಕಲನ, ಒಂದು ಗುಡ್ಡದ ಸ್ಥಳ ಮಹಾತ್ಮೆ, ಆರುನೂರು ಪುಟದ ಅಭಿನಂದನ ಗ್ರಂಥ, ತೆಂಗಿನ ರೋಗಗಳ ಮೇಲೊಂದು ಕೈಪಿಡಿ, ಒಂದು ಹಳ್ಳಿಯ ಇತಿಹಾಸ, ಕಾಶಿಗೆ ಹೋಗಿಬಂದ ಮೇಷ್ಟ್ರೊಬ್ಬರ ಪ್ರವಾಸ ಕಥನ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಆಯ್ಕೆಯಾದರೆ 300 ಪ್ರತಿ ಹೋಗುತ್ತವೆ. ಉಳಿದವು ಬರೆದವರ ಅಟ್ಟದ ಮೇಲೆ. ಅಟ್ಟ ತುಂಬಿದ ಮೇಲೆ ನನ್ನಂಥವರ ಕೈಗೆ.

ಅದರಲ್ಲಿ ನನ್ನದೂ ಒಂದಿದೆ, ಈಗಲೇ ಹೇಳಿಬಿಡುತ್ತೇನೆ. ತೊಂಬತ್ತಾರು ಪುಟ, ಐನೂರು ಪ್ರತಿ, ಸ್ವಂತ ಖರ್ಚು. ಬಾಕಿ ವಿಚಾರ ಆಮೇಲೆ.

ನಮ್ಮ ಬೀದಿಯ ತುದಿಯಲ್ಲಿ ಒಂದು ಹಿಟ್ಟಿನ ಮಿಲ್ಲಿದೆ. ಬಿ.ಎಚ್. ರಸ್ತೆಯಿಂದ ಒಳಗೆ ನಾಲ್ಕು ಹೆಜ್ಜೆ. ಪ್ಯಾಕೆಟ್ ಹಿಟ್ಟು ಬಂದು ಎಷ್ಟು ವರ್ಷವಾದರೂ ಈ ಮಿಲ್ಲಿಗೆ ಏನೂ ಆಗಿಲ್ಲ. ನಮ್ಮ ಕಡೆ ಹಿಟ್ಟು ಅಂದರೆ ಬರೀ ಪುಡಿಯಲ್ಲ, ಮುದ್ದೆಯೂ ಹಿಟ್ಟೇ. ಅದನ್ನು ಕಂಡವರ ರಾಗಿಯಲ್ಲಿ ಮಾಡಿಕೊಂಡು ತಿನ್ನಲು ಜನಕ್ಕೆ ಮನಸ್ಸು ಬರುವುದಿಲ್ಲ. ಹಾಗಾಗಿ ಬೆಳಿಗ್ಗೆ ಡಬ್ಬ, ಚೀಲ, ಬಕೆಟ್ಟು ಸಾಲಾಗಿ ನಿಂತಿರುತ್ತವೆ. ಅವುಗಳ ಯಜಮಾನರು ಗೋಡೆ ಪಕ್ಕದ ಬೆಂಚಿನ ಮೇಲೆ ಕೂತಿರುತ್ತಾರೆ. ಮಿಷನ್ ಓಡುವಾಗ ಮಾತಾಡಿದರೆ ಕೇಳುವುದಿಲ್ಲ. ಮೊಬೈಲ್ ತೆಗೆದರೆ ಅದರ ತೂತಿನೊಳಗೆಲ್ಲ ಹಿಟ್ಟು ಸೇರುತ್ತದೆ. ಅಂದರೆ ಪುಸ್ತಕ ಓದಲು ಮನುಷ್ಯನಿಗೆ ಬೇರೆ ದಾರಿಯೇ ಇಲ್ಲದಂಥ ಜಾಗ. ಇಂಥದ್ದು ಈಗ ಊರಲ್ಲಿ ಇನ್ನೆಷ್ಟಿವೆ, ಹೇಳಿ?

ಮಿಲ್ಲಿನವನನ್ನು ಕೇಳಿದೆ. "ಇಡಿ ಸಾರ್, ಊಟ ಕೇಳಲ್ವಲ್ಲ" ಅಂದ. ಮೂವತ್ತು ಪುಸ್ತಕ ತಂದು ಬೆಂಚಿನ ಮೇಲಿದ್ದ ಹಲಗೆಗೆ ಜೋಡಿಸಿದೆ. ನನ್ನ ಪುಸ್ತಕಕ್ಕೆ ಮಾತ್ರ ಹಳೇ ಪೇಪರಿನಲ್ಲಿ ಬೈಂಡ್ ಹಾಕಿದೆ. ನಾಚಿಕೆಯಿಂದಲ್ಲ. ನಿಜವಾದ ಅಭಿಪ್ರಾಯ ಬರಲಿ ಅಂತ.

ಹೆಸರಾದ ಪುಸ್ತಕದ ಬಗ್ಗೆ ಅಭಿಪ್ರಾಯ ಹೇಳಲು ಅದನ್ನು ಓದಿರಬೇಕು ಅಂತೇನಿಲ್ಲ. ಜ್ಞಾನಪೀಠ ಬಂದವರ ಕಾದಂಬರಿ ಕೈಗೆ ಕೊಟ್ಟರೆ, "ಓಹೋ, ಅದ್ಭುತ!" ಅನ್ನುವುದು ಬಾಯಲ್ಲಿ ತಯಾರಾಗಿರುತ್ತದೆ. ಸ್ವಲ್ಪ ಜಂಬದವರಾದರೆ, "ಅವರ ಮೊದಲಿನ ಬರಹವೇ ಚೆನ್ನಾಗಿತ್ತು" ಅನ್ನುತ್ತಾರೆ. ಎರಡಕ್ಕೂ ಪುಟ ತಿರುವಬೇಕಾಗಿಲ್ಲ. ನಾನೇ ಎಷ್ಟೋ ಸಲ ಹಾಗೆ ದಾಟಿಕೊಂಡಿದ್ದೇನೆ. ಆದರೆ ಹೆಸರಿಲ್ಲದ ಪುಸ್ತಕದ ಮುಂದೆ ಆ ಆಟ ನಡೆಯುವುದಿಲ್ಲ. ಏನು ಹೇಳಬೇಕು ಅಂತ ನಮಗಿಂತ ಮೊದಲು ಯಾರೂ ಹೇಳಿಕೊಟ್ಟಿರುವುದಿಲ್ಲ. ಓದಲೇಬೇಕು, ಓದಿ ತಮ್ಮ ತಲೆಯಿಂದಲೇ ಏನಾದರೂ ಹೇಳಬೇಕು.

ಹಾಗೆ ಬಂದ ಮೊದಲ ಅಭಿಪ್ರಾಯ ತೆಂಗಿನ ಕೈಪಿಡಿಯ ಮೇಲೆ. ಓದಿದವರು ಗುಬ್ಬಿ ಕಡೆಯ ರೈತರು, ಮಗಳ ಮನೆಗೆ ಬಂದವರು ಮೊಮ್ಮಗನ ಕೈ ಹಿಡಿದುಕೊಂಡು ರಾಗಿ ಬೀಸಿಸಲು ಬಂದಿದ್ದರು. ನಮ್ಮ ಜಿಲ್ಲೆಗೆ ಕಲ್ಪತರು ನಾಡು ಅಂತ ಹೆಸರು. ಆ ಹೆಸರನ್ನು ಹೆಚ್ಚುಕಮ್ಮಿ ಅಳಿಸಿಹಾಕುವಂತೆ ಬಂದದ್ದು ನುಸಿ ಪೀಡೆ. 1990ರ ದಶಕದ ಕೊನೆಗೆ ಕೇರಳದಲ್ಲಿ ಕಾಣಿಸಿಕೊಂಡು ಈ ಕಡೆಗೂ ದಾಟಿತು. ಕಣ್ಣಿಗೆ ಕಾಣದ ಹುಳ ತೊಟ್ಟಿನ ಕೆಳಗೆ ಸೇರಿ ಎಳೆಗಾಯಿಯ ರಸ ಹೀರುತ್ತದೆ, ಕಾಯಿ ಸಿಪ್ಪೆ ಬಿರಿದು ಚಿಕ್ಕದಾಗುತ್ತದೆ. ಕೈಪಿಡಿಯಲ್ಲಿ ಪರಿಹಾರ ಬರೆದಿತ್ತು: ಬೇವಿನೆಣ್ಣೆ, ಬೆಳ್ಳುಳ್ಳಿ, ಸೋಪು ಕಲಸಿ ಗೊನೆಗಳಿಗೆ ಚೆನ್ನಾಗಿ ಸಿಂಪಡಿಸಿ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು: "ಬರೆದೋರು ತೆಂಗಿನ ಮರ ನೋಡವ್ರಾ ಸಾರ್? ಗೊನೆ ಎಲ್ಲಿರ್ತದೆ ಅಂತ ಗೊತ್ತಾ ಅವರಿಗೆ?"

ಅರವತ್ತಡಿ ಮರದ ಮೇಲೆ ಬೆಳ್ಳುಳ್ಳಿ ನೀರಿನ ಬಕೆಟ್ಟು ಹಿಡಿದ ಲೇಖಕರನ್ನು ಕಲ್ಪಿಸಿಕೊಂಡೆ. ಪುಸ್ತಕದಲ್ಲಿ ತಪ್ಪೇನೂ ಇರಲಿಲ್ಲ. ಮರ ಉದ್ದ ಇತ್ತು, ಅಷ್ಟೇ.

ಹಳ್ಳಿಯ ಇತಿಹಾಸಕ್ಕೂ ಇಂಥದ್ದೇ ಒಬ್ಬ ಓದುಗ ಸಿಕ್ಕ. ಬಿ.ಎಲ್. ರೈಸ್ ಅವರು ಮೈಸೂರು ಸೀಮೆಯ ಶಾಸನಗಳನ್ನೆಲ್ಲ ಓದಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಅಂತ ಸಂಪುಟಗಳನ್ನು ತಂದರಲ್ಲ, ಅದರಲ್ಲಿ ತುಮಕೂರು ಜಿಲ್ಲೆಯದು ಹನ್ನೆರಡನೆಯದು, 1904ರಲ್ಲಿ ಬಂತು. ಆ ಸಂಪುಟದಿಂದ ತನ್ನೂರಿನ ಕಲ್ಲೊಂದನ್ನು ಹೆಕ್ಕಿಕೊಂಡು ಒಬ್ಬರು ನೂರು ಪುಟ ಬರೆದಿದ್ದರು. ಅದೇ ಊರಿನ ಆಟೋ ಡ್ರೈವರ್ ಒಬ್ಬ ಗೋಧಿ ಬೀಸಿಸಲು ಬಂದವನು ಅದನ್ನು ನಿಂತೇ ಓದಿದ. ಓದಿ ಮುಗಿಸಿದವನ ಮುಖದಲ್ಲಿ ಭಕ್ತಿಯೂ ಇತ್ತು, ಭಯವೂ ಇತ್ತು. "ಈ ಕಲ್ಲಿನ ಮೇಲೆ ಕೂತ್ಕೊಂಡೇ ಸಾರ್ ನಾವು ಬೀಡಿ ಸೇದೋದು ಕಲ್ತಿದ್ದು!" ಅಂದ. ವಿಮರ್ಶೆ ಅಷ್ಟೇ. ಆದರೆ ಆ ಪುಸ್ತಕವನ್ನು ಅವನಷ್ಟು ಹತ್ತಿರದಿಂದ ಯಾವ ಪ್ರೊಫೆಸರೂ ಓದಿರಲಾರ.

ಅಭಿನಂದನ ಗ್ರಂಥದ ಮೇಲಿನ ಅಭಿಪ್ರಾಯ ಒಂದೇ ಸಾಲಿನದು. ಸೊಪ್ಪು ಮಾರುವ ಅಜ್ಜ, ಮೊಮ್ಮಗಳ ಕೈಲಿ ಅಲ್ಲಲ್ಲಿ ಓದಿಸಿಕೊಂಡು, "ಇಷ್ಟು ಜನ ಸೇರಿ ಒಬ್ಬನನ್ನ ಹೊಗಳವ್ರೆ ಅಂದ್ರೆ, ಸತ್ತೋದ್ನಾ ಪಾಪ?" ಅಂದರು. ಇಲ್ಲ ಅಂತ ನಾನು ಸಮಾಧಾನ ಮಾಡಬೇಕಾಯಿತು.

ಬಾಯಲ್ಲಿ ಹೇಳದವರೂ ಅಭಿಪ್ರಾಯ ಬಿಟ್ಟುಹೋಗುತ್ತಾರೆ ಅನ್ನುವುದು ಗೊತ್ತಾದದ್ದು ಎರಡು ತಿಂಗಳಾದ ಮೇಲೆ. ಧೂಳು ಕೊಡವೋಣ ಅಂತ ಪುಸ್ತಕ ಬಿಚ್ಚಿದರೆ ಪ್ರತಿ ಪುಟದ ಕೆಳಗಿನ ಮೂಲೆಯಲ್ಲಿ ಬೆರಳಚ್ಚು. ರಾಗಿಯವರದು ಬೂದು, ಅಕ್ಕಿಯವರದು ಬಿಳಿ, ಕಡಲೆ ಹಿಟ್ಟಿನವರದು ಹಳದಿ. ಬೆರಳಚ್ಚು ಎಲ್ಲಿಗೆ ನಿಂತಿತೋ ಅಲ್ಲಿಗೆ ಓದುಗ ಎದ್ದು ಹೋದ ಅಂತ ಅರ್ಥ. ಇದಕ್ಕಿಂತ ಪ್ರಾಮಾಣಿಕವಾದ ವಿಮರ್ಶೆಯನ್ನು ನಾನು ಪತ್ರಿಕೆಗಳಲ್ಲಿ ನೋಡಿಲ್ಲ. ಮುನ್ನುಡಿಗಳ ಮೇಲೆ ಒಂದು ಕಣ ಹಿಟ್ಟೂ ಇರಲಿಲ್ಲ. ಸ್ಥಳ ಮಹಾತ್ಮೆಯಲ್ಲಿ ರಾಕ್ಷಸ ಸಾಯುವವರೆಗೆ ದಟ್ಟವಾಗಿ ಹಿಟ್ಟಿತ್ತು, ಪೂಜಾಫಲದ ಭಾಗ ಹಾಲಿನಂತೆ ಸ್ವಚ್ಛ. ಕವನ ಸಂಕಲನದ ತುಂಬ ಮಾತ್ರ ಕೆಂಪು ಬೆರಳುಗಳು. ಖಾರದ ಮಿಷನ್ ಪಕ್ಕದ ಕೋಣೆಯಲ್ಲಿದೆ, ಮೆಣಸಿನಕಾಯಿ ತಂದವರು ಅಲ್ಲೇ ಕಾಯುತ್ತಾರೆ. "ಕವನ ಓದಿ ಕಣ್ಣಲ್ಲಿ ನೀರು ಬಂತು ಅಂದ್ರು ನಾಲ್ಕು ಜನ" ಅಂತ ಮಿಲ್ಲಿನವನು ಹೇಳಿದಾಗ, ಕವಿಗೆ ಆ ನಾಲ್ಕು ಜನರ ವಿಷಯವಷ್ಟೇ ತಲುಪಿಸಿದೆ. ಮೆಣಸಿನಕಾಯಿಯ ವಿಷಯ ಬಿಟ್ಟೆ.

ಎಸ್.ಆರ್. ರಂಗನಾಥನ್ ಅಂತ ಗ್ರಂಥಾಲಯ ಶಾಸ್ತ್ರದ ದೊಡ್ಡವರು, ಕಡೆಗಾಲ ಬೆಂಗಳೂರಿನಲ್ಲೇ ಕಳೆದರು. 1931ರಲ್ಲಿ ಐದು ಸೂತ್ರ ಬರೆದರು. ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗನೊಬ್ಬ ಇದ್ದೇ ಇದ್ದಾನೆ ಅನ್ನುವುದು ಅದರಲ್ಲೊಂದು. ಅದನ್ನು ನೆಚ್ಚಿಕೊಂಡೇ ನಮ್ಮಂಥವರು ಅಚ್ಚು ಹಾಕಿಸುವುದು. ಆದರೆ ಆ ಓದುಗ ಎಷ್ಟನೇ ಪುಟದವರೆಗೆ ಇರುತ್ತಾನೆ ಅಂತ ಅವರು ಹೇಳಲಿಲ್ಲ.

ನನ್ನ ಪುಸ್ತಕದಲ್ಲಿ ಹನ್ನೆರಡನೇ ಪುಟದವರೆಗೆ ಇದ್ದ. ರಾಗಿಯವನು. ಆಮೇಲೆ ಅರವತ್ತೊಂದನೇ ಪುಟದಲ್ಲಿ ಒಂದೇ ಒಂದು ಬಿಳಿ ಬೆರಳು. ಅದು ಗಾಳಿಗೆ ತೆರೆದುಕೊಂಡ ಪುಟವಿರಬೇಕು. ಅಲ್ಲ, ಯಾರೋ ಬೇಕೆಂದೇ ತೆರೆದದ್ದು ಅಂತ ಎರಡು ದಿನ ನಂಬಿಕೊಂಡಿದ್ದೆ.

ಪೂರ್ತಿ ಹಿಟ್ಟು ಮೆತ್ತಿಕೊಂಡಿದ್ದು ಒಂದೇ ಪುಸ್ತಕ, ಕಾಶಿಯದು. ಮೊದಲ ಪುಟದಿಂದ ಹಿಂಬದಿಯ ಬೆಲೆಯವರೆಗೆ ಬೂದು, ಬಿಳಿ, ಹಳದಿ, ಕೆಂಪು. ನನಗೆ ಆಶ್ಚರ್ಯ. ಅದು ಅಂಥ ಬರವಣಿಗೆಯೇನಲ್ಲ. ಮೇಷ್ಟ್ರು ಸಂಘಮಿತ್ರಾ ರೈಲು ಹತ್ತಿ ಮೊಗಲ್‌ಸರಾಯಲ್ಲಿ ಇಳಿಯುವವರೆಗೆ ಪ್ರತಿ ಚಹಾದ ಬೆಲೆ ಬರೆದಿದ್ದಾರೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಅಲ್ಲಿ ಸಿಗಲಿಲ್ಲ ಅಂತ ಮೂರು ಕಡೆ ಕೊರಗಿದ್ದಾರೆ. ಗಂಗೆಯ ವರ್ಣನೆ ಎರಡೇ ಸಾಲು, ಅದರಲ್ಲೂ ಒಂದು ಸಾಲು ದೋಣಿಯವನು ಜಾಸ್ತಿ ಕೇಳಿದ ಅಂತ. ಬಹುಶಃ ಜನಕ್ಕೆ ಹಿಡಿಸಿದ್ದೇ ಅದು. ಹೋದ ದುಡ್ಡಿನ ಲೆಕ್ಕ ಯಾರು ಬರೆದರೂ ಓದಿಸಿಕೊಳ್ಳುತ್ತದೆ.

ಅವತ್ತು ನಾನೂ ಡಬ್ಬ ಇಟ್ಟು ಸಾಲಿನಲ್ಲಿದ್ದೆ. ಕರೆಂಟು ಹೋಯಿತು. ಮಿಷನ್ ನಿಂತ ಸದ್ದಿಲ್ಲದ ಹೊತ್ತಲ್ಲಿ, ಆ ಪುಸ್ತಕ ಹಿಡಿದಿದ್ದ ಒಬ್ಬ ಅಕ್ಕ, ಹಪ್ಪಳ ಮಾಡಿ ಮಾರುವವರು, ಅದನ್ನು ಟಪ್ ಅಂತ ಮುಚ್ಚಿದರು.

"ಓದಿದ್ರಾ ಅಕ್ಕ? ಹೆಂಗಿದೆ?" ಅಂದೆ.

"ಚೆನ್ನಾಗೈತೆ. ಎಲ್ಲಾ ಬರೆದವ್ರೆ. ಚಾ ಎಷ್ಟು, ರೂಮೆಷ್ಟು, ಪಂಡನಿಗೆ ಎಷ್ಟು. ಹೆಂಡ್ತಿನೂ ಕರ್ಕೊಂಡು ಹೋಗವ್ರೆ. 'ನಮ್ಮ ಮನೆಯವರು' ಇಡ್ಲಿ ಹುಡುಕಿದ್ರು, 'ನಮ್ಮ ಮನೆಯವರು' ಬಟ್ಟೆ ಒಗೆದ್ರು, 'ನಮ್ಮ ಮನೆಯವರಿಗೆ' ಜ್ವರ ಬಂತು. ಅಲ್ಲಾ ಸಾರ್, ರೈಲಿನ ಹೆಸರು ಬರೆದವ್ರೆ, ಛತ್ರದ ಹೆಸರು ಬರೆದವ್ರೆ. ಆಯಮ್ಮಂಗೆ ಹೆಸರಿಲ್ವಾ?"

ಯಾರೂ ಮಾತಾಡಲಿಲ್ಲ. ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಅಲ್ಲಿ ಬಿಟ್ಟುಬರಬೇಕು ಅನ್ನುವ ರೂಢಿ ಇದೆ. ಹಣ್ಣೋ, ತರಕಾರಿಯೋ. ಮೇಷ್ಟ್ರು ಸೋರೆಕಾಯಿ ಬಿಟ್ಟೆ ಅಂತ ಬರೆದಿದ್ದರು, ಅದಕ್ಕೇ ಒಂದು ಅಧ್ಯಾಯ. ಅಕ್ಕ ಪುಸ್ತಕವನ್ನು ಹಲಗೆಗೆ ಇಡುತ್ತಾ ಹೇಳಿದರು: "ಸೋರೆಕಾಯಿ ಅಂತೆ. ಹೆಂಡ್ತಿ ಹೆಸರು ಬಿಟ್ಟು ಬಂದವ್ರೆ ಅಷ್ಟೇ."

ಆ ಪುಸ್ತಕದ ಬಿಡುಗಡೆಗೆ ನಾನು ಹೋಗಿದ್ದೆ. ಮೂವರು ಭಾಷಣ ಮಾಡಿದ್ದರು. ಸರಳ ಶೈಲಿ ಅಂದರು, ದಾಖಲೆ ಅಂದರು, ಪ್ರವಾಸ ಸಾಹಿತ್ಯಕ್ಕೆ ಕೊಡುಗೆ ಅಂದರು. ಮೇಷ್ಟ್ರ ಹೆಂಡತಿ ಅಲ್ಲೇ ಎರಡನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದರು. ಈ ಮಾತು ಆ ಮೂವರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ಆಮೇಲೆ ಹೊಳೆದದ್ದು ಇನ್ನೊಂದು. ಎದ್ದು ಹಲಗೆಯ ಮೂಲೆಯಿಂದ ಪೇಪರ್ ಬೈಂಡಿನ ಪುಸ್ತಕ ತೆಗೆದೆ, ಕಂಕುಳಲ್ಲಿ ಇಟ್ಟುಕೊಂಡು ಸೀದಾ ಮನೆಗೆ ಬಂದೆ. ಹಜಾರದಲ್ಲಿ ಕೂತು ಪೆನ್ಸಿಲ್ ಹಿಡಿದು ಎಣಿಸಿದೆ. 'ನನ್ನಾಕೆ' ಹತ್ತೊಂಬತ್ತು ಸಲ. 'ನಮ್ಮ ಗೃಹಮಂತ್ರಿ', ತಮಾಷೆಗೆ, ನಾಲ್ಕು ಸಲ. ಹೆಸರು ಎಲ್ಲೂ ಇಲ್ಲ. ನಮ್ಮ ಬೀದಿ ನಾಯಿಯ ಹೆಸರು ಎರಡು ಕಡೆ ಇತ್ತು.

ಅಡುಗೆ ಮನೆ ಬಾಗಿಲಿಗೆ ಹೋಗಿ ನಿಂತೆ. ಹೇಗೆ ಶುರು ಮಾಡುವುದು ಅಂತ ತಿಳಿಯಲಿಲ್ಲ.

"ನೋಡು, ನನ್ನ ಪುಸ್ತಕದಲ್ಲಿ ನಿನ್ನ ಹೆಸರೇ ಇಲ್ಲ" ಅಂದೆ.

"ಗೊತ್ತು" ಅಂದಳು.

"ಓದಿದ್ದೀಯಾ?"

"ಅರವತ್ತು ಪುಟ ಓದಿದೆ. ಆಮೇಲೆ ಮಿಲ್ಲಲ್ಲಿ ನಮ್ಮ ಅಕ್ಕಿ ಸರದಿ ಬಂತು" ಅಂದಳು. ಹನ್ನೆರಡರಿಂದ ಅರವತ್ತೊಂದರ ನಡುವೆ ಹಿಟ್ಟೇ ಇರಲಿಲ್ಲವಲ್ಲ ಅಂದೆ. ಬೀಸಿಸುವುದಕ್ಕೆ ಮುಂಚೆ ಕೈ ಸೆರಗಿಗೆ ಒರೆಸಿಕೊಂಡು ಓದಿದ್ದಳಂತೆ. "ಪುಸ್ತಕ ಅಲ್ವಾ" ಅಂದಳು. ಸರದಿ ಬಂದಾಗ ಡಬ್ಬ ಎತ್ತಿಕೊಟ್ಟು, ಗುರುತಿಗೆ ಅಂತ ಪುಟ ಮಡಿಸಲು ಬಂದವಳು ಬೆರಳು ಒರೆಸಿಕೊಳ್ಳಲು ಮರೆತಿದ್ದಳು.

ಅಲ್ಲಿಂದ ಮುಂದಿನ ಮೂವತ್ತೈದು ಪುಟ ಯಾಕೆ ಓದಲಿಲ್ಲ ಅಂತ ಕೇಳಬೇಕು ಅಂತಿದ್ದೆ. ಅವಳು ಒಲೆ ಮೇಲಿನ ಎಸರನ್ನೂ ನನ್ನ ಬರಿಗೈಯನ್ನೂ ಒಮ್ಮೆ ನೋಡಿದಳು.

"ಅದಿರ್ಲಿ, ಹಿಟ್ಟೆಲ್ಲಿ?"

ಡಬ್ಬ ಮಿಲ್ಲಿನಲ್ಲೇ ಉಳಿದಿತ್ತು. ಚಪ್ಪಲಿ ಮೆಟ್ಟಿಕೊಂಡು ಹೊರಟೆ.