ಮದುಮಗಳ ಕೆನ್ನೆಯ ಮೇಲೆ ಪಟ್ಟೆ ಎಳೆಯುವವರ ಬಗ್ಗೆ

ನಿನ್ನೆ ಹಾಸನದಲ್ಲಿ ಅಕ್ಕನ ಮಗಳ ಮದುವೆ ಮುಗಿಸಿಕೊಂಡು ಬಂದೆ. ಅಡುಗೆಯವರ ಮೇಲೆ ನನಗೆ ಯಾವ ದೂರೂ ಇಲ್ಲ, ಬೀಗರ ಮೇಲಂತೂ ಇಲ್ಲವೇ ಇಲ್ಲ. ದೂರಿರುವುದು ನಸುಕಿನಲ್ಲೇ ಎರಡು ಪೆಟ್ಟಿಗೆಗಳೊಡನೆ ಬಂದಿಳಿದು, ಎಣ್ಣೆಗೆಂಪು ಬಣ್ಣದ, ತುಂಬುಗೆನ್ನೆಯ ನಮ್ಮ ಹುಡುಗಿಯನ್ನು ಯಾರೋ ಅಪರಿಚಿತಳನ್ನಾಗಿ ಮಾಡಿ ಕೋಣೆಯಿಂದ ಹೊರಗೆ ಕಳುಹಿಸಿದ ಮೇಕಪ್‌ನವರ ಮೇಲೆ. ಮೊದಲು ಅವಳ ಬಣ್ಣಕ್ಕಿಂತ ಎರಡು ಶೇಡ್ ತಿಳಿಯಾದ ಫೌಂಡೇಶನ್, ಅದರ ಮೇಲೆ ಕಿವಿಯಿಂದ ಬಾಯಿಯ ತುದಿಯವರೆಗೆ ಇಟ್ಟಿಗೆ ಬಣ್ಣದ ಒಂದೊಂದು ಪಟ್ಟೆ, ಮೂಗಿನ ಎರಡೂ ಬದಿಗೆ ನೆಟ್ಟಗೆ ಇಳಿದ ಗೆರೆ. ಧಾರೆಯ ಹೊತ್ತಿಗೆ ಅವಳ ಕೈ ಎದೆಯ ಮಟ್ಟಕ್ಕೆ ಬಂದಾಗ, ಆ ಕೈಯೂ ಆ ಮುಖವೂ ಒಬ್ಬಳದೇ ಎಂದು ನಂಬುವುದು ಕಷ್ಟವಾಯಿತು. ‘ಮಗೂಗೆ ಮೈ ಹುಷಾರಿಲ್ವೇನೇ?’ ಎಂದು ಅಮ್ಮ ನನ್ನ ಕಿವಿಯಲ್ಲಿ ಕೇಳಿದರು.

ನಾಟಕದವರಿಗೆ ಪ್ರಸಾಧನ ಮಾಡಿಕೊಂಡೇ ತಲೆ ನೆರೆಸಿಕೊಂಡವಳು ನಾನು ಎಂಬುದು ಇಲ್ಲಿರುವ ಬಹುತೇಕರಿಗೆ ಗೊತ್ತು. ಆದ್ದರಿಂದ ಮುಖಕ್ಕೆ ಬಣ್ಣ ಹಚ್ಚುವುದೇ ತಪ್ಪೆಂಬ ಉಪದೇಶವನ್ನು ನನ್ನಿಂದ ಯಾರೂ ನಿರೀಕ್ಷಿಸಲಾರಿರಿ. ರವೀಂದ್ರ ಕಲಾಕ್ಷೇತ್ರದ ಕೊನೆಯ ಸಾಲಿನಲ್ಲಿ ಕುಳಿತವರಿಗೂ ನಟಿಯ ಕೆನ್ನೆಯ ಮೂಳೆ ಕಾಣಬೇಕಾದರೆ ಕಾಂಟೂರನ್ನು, ಅಂದರೆ ಮುಖದ ಮೇಲೆ ನೆರಳಿನಂತೆ ಕಾಣಲೆಂದು ಹಚ್ಚುವ ಕಂದು ಬಣ್ಣವನ್ನು, ಗಾಢವಾಗಿಯೇ ಹಚ್ಚಬೇಕು, ಏಕೆಂದರೆ ಎದುರಿನಿಂದ ಬೀಳುವ ದೀಪಗಳು ಮುಖದ ಏರಿಳಿತಗಳನ್ನೆಲ್ಲ ಅಳಿಸಿಹಾಕುತ್ತವೆ. ಮದುಮಗಳನ್ನು ನೋಡುವವರಾದರೋ ಅಕ್ಷತೆ ಹಾಕುವಷ್ಟು ಹತ್ತಿರ ನಿಂತಿರುತ್ತಾರೆ. ಈ ವ್ಯತ್ಯಾಸ ಸಿನಿಮಾದವರಿಗೆ ನೂರು ವರ್ಷಕ್ಕೂ ಹಿಂದೆಯೇ ಅರ್ಥವಾಗಿತ್ತು: ನಾಟಕದ ದಪ್ಪ ಬಣ್ಣ ಕ್ಯಾಮೆರಾದ ಮುಂದೆ ಬಿರುಕುಬಿಟ್ಟು ಕಾಣುತ್ತಿದ್ದುದರಿಂದಲೇ ಲಾಸ್ ಏಂಜಲೀಸ್‌ನ ಮ್ಯಾಕ್ಸ್ ಫ್ಯಾಕ್ಟರ್ 1914ರಲ್ಲಿ ತೆಳುವಾಗಿ ಹರಡುವ, ಕ್ರೀಮಿನಂತಹ ಗ್ರೀಸ್‌ಪೇಂಟನ್ನು ತಯಾರಿಸಿದರು. ನಮ್ಮ ಕಲ್ಯಾಣ ಮಂಟಪಗಳಿಗೆ ಆ ಸುದ್ದಿ ಇನ್ನೂ ತಲುಪಿದಂತಿಲ್ಲ.

ಕಾಂಟೂರಿಗೆ ನಾನು ಪೌಡರಿಗಿಂತ ಕ್ರೀಮನ್ನೇ ಮೆಚ್ಚುವುದಕ್ಕೆ ಕಾರಣವಿದೆ. ಅದರಲ್ಲಿರುವ ಎಣ್ಣೆ, ಮೇಣಗಳು ಬೆರಳಿನ ಶಾಖಕ್ಕೆ ಮೆದುವಾಗಿ ಚರ್ಮದೊಡನೆ ಬೆರೆಯುತ್ತವೆ. ಪೌಡರ್ ಮೇಲೆಯೇ ಕುಳಿತು ಒಣಚರ್ಮವನ್ನೂ ಸಣ್ಣ ಕೂದಲನ್ನೂ ಎತ್ತಿ ತೋರಿಸುತ್ತದೆ. ಆದರೆ ಶೇಡ್ ಸರಿಯಿರಬೇಕು. ನೆರಳು ಎಂದಾದರೂ ಕಿತ್ತಳೆ ಬಣ್ಣದ್ದಾಗಿರುವುದುಂಟೆ? ಎಣ್ಣೆಗೆಂಪು ಮುಖಕ್ಕೆ ಬೇಕಾದುದು ತುಸು ಬೂದು ಬೆರೆತ ಕಂದು, ಅದೂ ಸ್ವಂತ ಬಣ್ಣಕ್ಕಿಂತ ಒಂದೆರಡು ಶೇಡ್ ಮಾತ್ರ ಗಾಢವಾದದ್ದು. ಮೈಬಣ್ಣ ಇನ್ನೂ ಕಪ್ಪಾದಂತೆ ಆ ಬೂದನ್ನು ಕಡಿಮೆ ಮಾಡಬೇಕು, ಇಲ್ಲವಾದರೆ ಮುಖ ಬೂದಿ ಬಡಿದಂತಾಗುತ್ತದೆ. ಬಿಸಿಲಿನ ಕೆಂಪು ಕೊಡಲೆಂದು ಮಾಡಿದ ಬ್ರಾಂಜರನ್ನು ತಂದು ಕಾಂಟೂರಿನ ಜಾಗದಲ್ಲಿ ಬಳಿಯುವುದೇ ಈಗಿನ ಪದ್ಧತಿ.

ಕಿವಿಯ ಮೇಲ್ಭಾಗದ ಹತ್ತಿರ ಶುರುಮಾಡಿ, ಕೆನ್ನೆಯ ಮೂಳೆಯ ತುಸು ಕೆಳಗೆ ಸಾಗಿ, ಕಣ್ಣಿನ ಹೊರತುದಿಯ ನೇರಕ್ಕೆ ಬರುವಷ್ಟರಲ್ಲಿ ನಿಲ್ಲಿಸಬೇಕು; ಬಾಯಿಯ ಕಡೆಗೆ ಎಳೆದರೆ ಮುಖ ಜೋತುಬಿದ್ದಂತೆ ಕಾಣುತ್ತದೆ. ಅಕ್ಕಿಕಾಳಿನಷ್ಟು ಕ್ರೀಮನ್ನು ಮೊದಲು ಅಂಗೈಯ ಹಿಂಬದಿಗೆ ಹಚ್ಚಿಕೊಂಡು, ಉಂಗುರದ ಬೆರಳಿನಿಂದಲೋ ಒದ್ದೆ ಮಾಡಿ ಹಿಂಡಿದ ಸ್ಪಂಜಿನಿಂದಲೋ ಮೆಲ್ಲಗೆ ತಟ್ಟುತ್ತ ಮೇಲ್ಮುಖವಾಗಿ ಕರಗಿಸಬೇಕೇ ಹೊರತು ತಿಕ್ಕಬಾರದು, ತಿಕ್ಕಿದರೆ ಕೆಳಗಿನ ಫೌಂಡೇಶನ್ ಕಿತ್ತುಬರುತ್ತದೆ. ದವಡೆಯ ಅಂಚಿಗೆ ಹಚ್ಚಿದ್ದು ಕುತ್ತಿಗೆಗೆ ಇಳಿಯುವಷ್ಟರಲ್ಲಿ ಮಾಯವಾಗಬೇಕು. ಹಣೆಗಂತೂ ಬೇಡವೇ ಬೇಡ. ಬಾಸಿಂಗ, ಬೈತಲೆ ಬೊಟ್ಟುಗಳ ಕೆಳಗೆ ಹಣೆ ಕಾಣುವುದಾದರೂ ಎಷ್ಟು?

‘ಫೋಟೊಗೆ ಇಷ್ಟು ಬೇಕೇ ಬೇಕು ಮೇಡಂ, ಫ್ಲ್ಯಾಶ್‌ನಲ್ಲಿ ಎಲ್ಲಾ ಹೋಗ್ಬಿಡುತ್ತೆ’ ಎಂದು ಆ ಮೇಕಪ್ ಮಾಡಿದಾಕೆ ನನಗೆ ಪಾಠ ಹೇಳಿದರು. ಫ್ಲ್ಯಾಶ್ ಮುಖವನ್ನು ಚಪ್ಪಟೆ ಮಾಡುತ್ತದೆ ಎಂಬುದು ನಿಜ, ಆದರೆ ಅದಕ್ಕೆ ಅದೇ ಶೇಡನ್ನು ಇನ್ನೊಂದು ಸಲ ತೆಳುವಾಗಿ ತಟ್ಟಿದರೆ ಸಾಕು, ಹುಡುಗಿಯ ಬಣ್ಣವನ್ನೇ ಬದಲಿಸಬೇಕಿಲ್ಲ. ಬೆವರಿಗೆ ಕ್ರೀಮ್ ನಿಲ್ಲುವುದಿಲ್ಲ ಎಂಬುದು ಇನ್ನೊಂದು ನೆಪ. ಹೋಮದ ಮುಂದೆ ಕುಳಿತವಳ ಮುಖದಲ್ಲಿ ಮೊದಲು ಬಿರುಕುಬಿಟ್ಟದ್ದು ಪದರ ಪದರವಾಗಿ ಕುಳಿತಿದ್ದ ಪೌಡರು. ಮೂಗು, ಗದ್ದ, ಹಣೆಗಳಿಗೆ ಮಾತ್ರ ಪೌಡರನ್ನು ತೆಳುವಾಗಿ ಒತ್ತಿದ್ದರೆ ಊಟದ ಹೊತ್ತಿನವರೆಗೂ ನಿಲ್ಲುತ್ತಿತ್ತು. ಆಕೆ ಆ ಬಿರುಕಿನ ಮೇಲೆ ಮತ್ತೆ ಕ್ರೀಮ್ ತೀಡಿದರು. ಪೌಡರಿನ ಮೇಲೆ ಕ್ರೀಮ್ ಬಿದ್ದರೆ ಗಂಟುಗಂಟಾಗುತ್ತದೆ ಎಂಬುದನ್ನೂ ಕಲಿಸದ ಕೋರ್ಸು ಯಾವುದೋ ನಾ ಕಾಣೆ.

ಒಂದು ಮಾತು ಹೇಳಿಬಿಡುತ್ತೇನೆ. ಐವತ್ತು ದಾಟಿದ ಮೇಲೆ ನನ್ನ ದವಡೆಯ ಅಂಚು ಇಳಿಯತೊಡಗಿದೆ, ಅದು ನನಗೆ ಬೇಸರವನ್ನೂ ತರಿಸುತ್ತದೆ, ತರಕಾರಿ ತರಲು ಹೋಗುವಾಗಲೂ ಎರಡು ಬೊಟ್ಟು ಕ್ರೀಮ್ ಹಚ್ಚಿಕೊಂಡೇ ಹೊರಡುತ್ತೇನೆ. ಇದನ್ನು ಓದುತ್ತಿರುವ ನನ್ನ ನಾದಿನಿಗೂ ಈ ಸಂಗತಿ ಇವತ್ತೇ ತಿಳಿಯುತ್ತಿರುವುದು. ತುಂಬುಗೆನ್ನೆಯನ್ನು ಇಲ್ಲವಾಗಿಸುವುದು ಬೇರೆ, ಅದರ ದುಂಡನ್ನು ಉಳಿಸಿಕೊಂಡೇ ಅಂಚನ್ನು ಹದವಾಗಿ ತಿದ್ದುವುದು ಬೇರೆ. ಎರಡನೆಯದನ್ನು ಮಾಡಬೇಕಾದರೆ ಪೆಟ್ಟಿಗೆ ತೆರೆಯುವ ಮೊದಲು ಆ ಮುಖವನ್ನು ಒಂದಿಷ್ಟು ಹೊತ್ತು ನೋಡಬೇಕಾಗುತ್ತದೆ. ನಮ್ಮ ಹುಡುಗಿಗೆ ನಕ್ಕಾಗ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ. ಪಟ್ಟೆ ಸರಿಯಾಗಿ ಅದರ ಮೇಲೆಯೇ ಹಾದುಹೋಗಿತ್ತು.

ಮನೆಯಲ್ಲಿ ಮದುವೆ ಇರುವವರು ಟ್ರಯಲ್ ಮಾಡಿಸುವಾಗ ದಯವಿಟ್ಟು ಆ ರಿಂಗ್ ಲೈಟ್ ಆರಿಸಿ, ಹುಡುಗಿಯನ್ನು ಹಗಲಿನ ಬೆಳಕಿನಲ್ಲಿ ಕಿಟಕಿಯ ಹತ್ತಿರ ಕೂರಿಸಿ ನೋಡಿ. ಗೆರೆ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸುವಂತಿದ್ದರೆ ಮುಂಗಡ ಕೊಡದೆ ಎದ್ದು ಬನ್ನಿ. ಮುಂದಿನ ಮದುವೆ ನನ್ನ ತಮ್ಮನ ಮಗಳದು, ಅವಳ ಮೇಕಪ್ ನಾನೇ ಮಾಡುತ್ತೇನೆಂದು ನಿನ್ನೆ ಊಟದ ಪಂಕ್ತಿಯಲ್ಲೇ ಘೋಷಿಸಿಬಿಟ್ಟೆ. ‘ಆಯ್ತು ಅತ್ತೆ, ಆದ್ರೆ ಸ್ವಲ್ಪ ಬೆಳ್ಳಗೆ ಮಾಡ್ತೀರ ತಾನೆ?’ ಎಂದಳು.