ಹಿನ್ನೀರಿಗೆ ಇನ್ನೊಬ್ಬ ಬಾಸ್

ಮೊನ್ನೆ ಲಿಂಗನಮಕ್ಕಿ ಹಿನ್ನೀರಿನ ದಡದಲ್ಲಿ ಶಾಮಿಯಾನ ಎದ್ದಿತ್ತು. ಮೀನುಮರಿ ಬಿಡುವ ಕಾರ್ಯಕ್ರಮ. ಕಾಟ್ಲಾ, ರೋಹು ಮರಿಗಳು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಬಂದು ಕಾಯುತ್ತಿದ್ದವು. ಮುಖ್ಯ ಅತಿಥಿಗಳು ಬಂದದ್ದು ಹನ್ನೆರಡೂವರೆಗೆ.

ಚೀಲವನ್ನು ಮೊದಲು ಕಾಲು ಗಂಟೆ ನೀರಿನ ಮೇಲೆ ತೇಲಿಬಿಡಬೇಕು. ಒಳಗಿನ ನೀರೂ ಹೊರಗಿನ ನೀರೂ ಒಂದು ಹದಕ್ಕೆ ಬಂದ ಮೇಲೆ ಬಾಯಿ ಬಿಚ್ಚಬೇಕು. ಇಲ್ಲಿ ಬಾಯಿ ಬಿಚ್ಚಿದವರು ಬೇರೆ. ಸ್ವಾಗತ, ಪ್ರಾಸ್ತಾವಿಕ, ಹಾರ, ಶಾಲು. ಚೀಲಗಳು ಬಿಸಿಲಲ್ಲಿ ಕೂತು ಎಲ್ಲ ಕೇಳಿಸಿಕೊಂಡವು. ಒಂದರಲ್ಲಿ ಮರಿಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಸಂಘಟಕರೊಬ್ಬರಿಗೆ ತೋರಿಸಿದೆ. "ಜೀವ ಇದೆ ಅಂತಾಯ್ತಲ್ಲ" ಅಂದರು.

ಭಾಷಣದ ತುಂಬ ಬಾಸ್ ಮೀನು. ಅಮೆರಿಕದ ಡ್ಯಾಮುಗಳಲ್ಲಿ ಬಾಸ್ ಹಿಡಿಯೋಕೆ ಜನ ದೋಣಿ ಸಮೇತ ಬರುತ್ತಾರಂತೆ. ಹಿಡಿದು, ಫೋಟೋ ತೆಗೆಸಿಕೊಂಡು, ವಾಪಸ್ ನೀರಿಗೇ ಬಿಡುತ್ತಾರಂತೆ. ಇಲ್ಲೂ ಬಾಸ್ ತಂದು ಬಿಟ್ಟರೆ ಶನಿವಾರ ಬಂತೆಂದರೆ ಬೆಂಗಳೂರಿನ ಕಾರುಗಳ ಸಾಲು. ಚಪ್ಪಾಳೆ!

"ಎಂತ ಮಾರಾಯ, ಇರೋ ಬಾಸುಗಳು ಸಾಲಲ್ವಾ?" ಪಕ್ಕದಲ್ಲಿ ಕೂತಿದ್ದ ಅಜ್ಜ ನನ್ನ ಕಿವಿಯಲ್ಲಿ ಕೇಳಿದರು.

ಅಜ್ಜನ ಮಾತು ಸುಮ್ನೆ ಅಲ್ಲ. ಬಾಸ್‌ಗೆ ಬಾಯಿ ದೊಡ್ಡದು. ಸಣ್ಣ ಮೀನು, ಕಪ್ಪೆ, ಬಾಯಿಗೆ ಹಿಡಿಸಿದ್ದೆಲ್ಲ ಒಳಗೆ. ಜಪಾನಿನವರು 1925ರಲ್ಲಿ ಆಸೆಪಟ್ಟು ಅಶಿ ಸರೋವರಕ್ಕೆ ತಂದುಬಿಟ್ಟರು. 2005ರಲ್ಲಿ ಅದನ್ನು ಸಾಕಬಾರದು, ಸಾಗಿಸಬಾರದು ಅಂತ ಕಾನೂನನ್ನೇ ತಂದರು. ಆದರೆ ನುಂಗುವುದರಲ್ಲಿ ನಮ್ಮ ಹಿನ್ನೀರೇನು ಕಡಿಮೆಯಲ್ಲ. 1948ರಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟನ್ನೇ ಇಡಿಯಾಗಿ ನುಂಗಿದೆ. ಅದರ ಜೊತೆ ಅಜ್ಜನ ಅಪ್ಪನ ಗದ್ದೆಯನ್ನೂ. ಮಳೆಗಾಲದಲ್ಲಿ ಲಿಂಗನಮಕ್ಕಿ ತುಂಬುವ 1819 ಅಡಿಗೆ ಇನ್ನೆಷ್ಟು ಬಾಕಿ ಅಂತ ದಿನಾ ಪೇಪರಿನಲ್ಲಿ ಬರುತ್ತದೆ. ಅಜ್ಜನ ಗದ್ದೆ ಎಷ್ಟನೇ ಅಡಿಯಲ್ಲಿದೆ ಅಂತ ಯಾರೂ ಬರೆಯುವುದಿಲ್ಲ. ಹಳೇ ಪಹಣಿ ನೀರಿನಡಿ, ಹೊಸ ಪಹಣಿ ಕಡತದಡಿ. ಡ್ಯಾಮು ಮುಗಿದದ್ದು 1964ರಲ್ಲಿ. ಕಡತ ಇನ್ನೂ ಮುಗಿದಿಲ್ಲ.

ಕೊನೆಗೆ ಚೀಲ ಬಿಚ್ಚಿದರು. ತೇಲಿಬಿಡೋಕೆ ಪುರುಸೊತ್ತೆಲ್ಲಿ? ಮುಖ್ಯ ಅತಿಥಿಗಳ ಕೈಗೊಂದು ಕೊಟ್ಟು, "ಸಾರ್, ಇನ್ನೊಮ್ಮೆ, ಈ ಕಡೆ ನೋಡಿ" ಅಂದರು. ಮರಿಗಳು ದೊಪ್ಪನೆ ಬಿದ್ದವು. ಒಂದಷ್ಟು ಈಜಿದವು, ಒಂದಷ್ಟು ಬಿಳಿ ಹೊಟ್ಟೆ ತೋರಿಸಿದವು. ಒಣಮರದ ಮೇಲಿನ ನೀರುಕಾಗೆಗಳು ಇಡೀ ಭಾಷಣವನ್ನು ತಾಳ್ಮೆಯಿಂದ ಕೇಳಿದ್ದವು. ಅವಕ್ಕೂ ಊಟ ಆಯಿತು. ನಮಗೆ ಕೇಸರಿಬಾತು, ಪಲಾವು.

ಕಾರುಗಳು ಹೋದ ಮೇಲೆ ಅಜ್ಜ ಬಿದಿರಿನ ಗಾಳಕ್ಕೆ ಎರೆಹುಳ ಸಿಕ್ಕಿಸಿ ಕೂತರು. ಅರ್ಧ ಗಂಟೆಗೆ ಒಂದು ಜಿಲೇಬಿ ಮೀನು ಸಿಕ್ಕಿತು. ಅಂಗೈಯಷ್ಟಿತ್ತು. ಶಾಮಿಯಾನ ಬಿಚ್ಚಿಸುತ್ತಿದ್ದ ಸಿಬ್ಬಂದಿಯೊಬ್ಬರು ಓಡಿ ಬಂದರು.

"ಅಜ್ಜ, ಗಾಳಕ್ಕೆ ಲೈಸೆನ್ಸ್ ಉಂಟಾ?"

"ಕೆಳಗಿರೋದು ನಮ್ಮ ಗದ್ದೆ."

"ಹೋಗಲಿ, ಒಂದು ಫೋಟೋ ತೆಗೀತೀನಿ. ಆಮೇಲೆ ವಾಪಸ್ ಬಿಡಿ. ಸಾಹೇಬ್ರು ಹೇಳಿದ್ದು ಕೇಳಿದ್ರಲ್ಲ?"

"ನೀವು ಹಿಡಿದಿದ್ದು ಅರವತ್ತು ವರ್ಷ ಆತು ತಮ್ಮಾ. ಮೊದಲು ಅದನ್ನ ಬಿಡಿ, ಆಮೇಲೆ ಇದನ್ನ ಬಿಡ್ತೇನೆ" ಅಂದರು ಅಜ್ಜ. ಜಿಲೇಬಿ ಆಗಲೇ ಬುಟ್ಟಿ ಸೇರಿತ್ತು.